ಗಾರುಡಿಗನ ಬುಟ್ಟಿ

(ಬಾನುಲಿ ಭಾಷಣ)

ಸಾಕುನಾಯಿ, ಸಾಕುಬೆಕ್ಕು, ಸಾಕುಗಿಳಿ ಎಂಬ ಮಾತುಗಳು ನಮ್ಮಲ್ಲಿ ಬಳಕೆಯಲ್ಲಿವೆ. ಸಾಕುಹಾವು ಎಂಬ ಮಾತನ್ನು ನಾನು ಈವರೆಗೆ ಯಾರ ಬಾಯಿಂದಲೂ ಕೇಳಿಲ್ಲ. ಕೃತಘ್ನನಿಗೆ ಉಪಕಾರ ಮಾಡಿದರೆ ಹಾವಿಗೆ ಹಾಲೆರೆದಂತಾಯಿತು ಎಂದು ನೊಂದುಕೊಳ್ಳುತ್ತೇವೆ. ಭಾಷೆಯೇ ಸಾಕಬೇಡವೆಂದು ಎಚ್ಚರಿಸುತ್ತಿರುವಂತಿದೆ. ಆದರೂ ನಮ್ಮ ವಿಜಯಪುರದ ಸೀಮೆಯಲ್ಲಿಯೂ ಅದರ ನೆರೆಹೊರೆಯಲ್ಲಿಯೂ ಹಾವು, ಆಮೆ, ಉಡ, ಮೊಸಳೆಗಳನ್ನು ಮನುಷ್ಯನು ತನ್ನ ಬಳಿ ಇಟ್ಟುಕೊಂಡ ಇತಿಹಾಸವೊಂದುಂಟು. ಅದು ಯಾವ ಶಾಸನದಲ್ಲಿಯೂ ಒಟ್ಟಾಗಿ ಸಿಗುವಂಥದಲ್ಲ. ಅರಸುಮನೆತನದ ಹೆಸರಿನಲ್ಲಿ ಒಂದಿಷ್ಟು, ಶರಣರ ವಚನದಲ್ಲಿ ಒಂದಿಷ್ಟು, ಮಿಕ್ಕದ್ದು ಸಂತೆಯ ಧೂಳಿನಲ್ಲಿ. ಪ್ರಾಣಿಶಾಸ್ತ್ರ ನನ್ನ ವಿಷಯವಲ್ಲ. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನು ನಾನು. ಒಂದು ಶಬ್ದದ ಬೆನ್ನುಹತ್ತಿ ಹೋಗಿ ಈ ವಿಷಯಕ್ಕೆ ಬಂದು ಮುಟ್ಟಿದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮೊದಲಿಗೆ ಒಂದು ಆಮೆಯ ಮಾತು. ಬಬಲೇಶ್ವರದಲ್ಲಿ ನಮ್ಮ ಮುತ್ಯಾನ ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿಯೊಂದಿತ್ತು. ಬಾವಿಗೆ ಆಮೆ ಬಿಟ್ಟರೆ ನೀರು ಕೆಡುವುದಿಲ್ಲವೆಂಬುದು ಆ ಕಾಲದವರ ನಂಬಿಕೆ. ಹುಳಹುಪ್ಪಡಿಯನ್ನೂ ಕೊಳೆತದ್ದನ್ನೂ ಅದು ತಿಂದು ತೀರಿಸುತ್ತದೆಂಬುದು ಸುಳ್ಳೇನೂ ಅಲ್ಲ. ಯಾರೋ ಎಂದೋ ತಂದು ಬಿಟ್ಟ ಆಮೆ ನಮ್ಮ ಬಾವಿಯಲ್ಲಿತ್ತು. ನಾವು ಮಕ್ಕಳು ಗಡಗಡೆಯ ಬಳಿ ಬಾಗಿ, ಅದು ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗುವುದನ್ನು ಕಾಯುತ್ತಿದ್ದೆವು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಯಾರೂ ಊಟ ಹಾಕುತ್ತಿರಲಿಲ್ಲ. ಕೊಡ, ಹಗ್ಗ, ಗಡಗಡೆಗಳ ಹಾಗೆ ಅದೂ ಬಾವಿಯ ಒಂದು ಉಪಕರಣವಾಗಿತ್ತು.

1972ರ ಬರದಲ್ಲಿ ಆ ಬಾವಿ ಬತ್ತಿತು. ಬಿಜಾಪುರ ಜಿಲ್ಲೆಯ ಹಿರಿಯರು ಆ ಬರವನ್ನು ಮರೆತಿಲ್ಲ. ನನಗಾಗ ಹದಿಮೂರು ವರ್ಷ. ತಳವನ್ನು ಇನ್ನಷ್ಟು ಆಳಕ್ಕೆ ತೋಡಲು ಇಳಿದ ಆಳು ಒಣಗಿದ ಕೆಸರಿನೊಳಗಿಂದ ಆಮೆಯನ್ನು ಎತ್ತಿ ಬುಟ್ಟಿಯಲ್ಲಿಟ್ಟು ಮೇಲೆ ಕಳಿಸಿದ. ಸತ್ತಿದೆಯೆಂದೇ ಎಲ್ಲರೂ ತಿಳಿದರು. ನೀರಿಲ್ಲದ ಕಾಲದಲ್ಲಿ ಕೆಸರಿನೊಳಗೆ ಹುದುಗಿ ತಿಂಗಳುಗಟ್ಟಲೆ ಬದುಕುವ ವಿದ್ಯೆ ಕೆರೆಯ ಆಮೆಗೆ ಸಹಜವಾಗಿಯೇ ಬಂದಿರುತ್ತದೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಆಯಿ ಅದನ್ನು ದನಗಳ ಕಲ್ಲಬಾನಿಯಲ್ಲಿಟ್ಟು, ಮೈಲಿ ದೂರದಿಂದ ಹೊತ್ತು ತಂದ ನೀರಿನಲ್ಲಿ ಒಂದು ತಂಬಿಗೆ ಅದರ ಮೇಲೆ ಸುರಿದಳು. ಮನೆಯಲ್ಲಿ ಸೊಸೆಯರು ಗೊಣಗಿದರು. ಅದು ಕುತ್ತಿಗೆಯನ್ನು ಹೊರಗೆ ಚಾಚಿದ್ದನ್ನು ನಾನು ಕಣ್ಣಾರೆ ಕಂಡೆ. ಮೂರನೆಯ ದಿನ ಬಾನಿ ಬರಿದಾಗಿತ್ತು. ನರಿ ಒಯ್ದಿತೋ ತಾನೇ ಇಳಿದು ಹೋಯಿತೋ ತಿಳಿಯಲಿಲ್ಲ.

ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿಯೇ ದೆಹಲಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ರೂಪುಗೊಂಡಿತ್ತು. ಗಂಜಿಕೇಂದ್ರದ ಸಾಲಿನಲ್ಲಿ ನಿಂತಿದ್ದ ನಮ್ಮ ಊರಿಗೆ ಆ ಸುದ್ದಿ ಮುಟ್ಟುವುದಾದರೂ ಹೇಗೆ? ಇಂದು ಆಮೆಯನ್ನು ಕೆರೆಯಿಂದ ತಂದು ಬಾವಿಗೆ ಬಿಡುವುದೂ ಆ ಕಾಯಿದೆಯ ಪ್ರಕಾರ ಅಪರಾಧ. ಆಯಿಯ ಒಂದು ತಂಬಿಗೆ ನೀರಿಗೆ ಅದರಲ್ಲಿ ಯಾವ ಕಲಮು ಇದೆಯೋ ನಾನರಿಯೆ.

ಬಬಲೇಶ್ವರದಿಂದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿ, ಜಮಖಂಡಿಯ ಮೇಲೆ ಹಾಯ್ದು ಹೋದರೆ ಘಟಪ್ರಭೆಯ ದಂಡೆಯ ಮುಧೋಳ. ಸಾಹಿತ್ಯದ ವಿದ್ಯಾರ್ಥಿಗೆ ಅದು ರನ್ನನ ಊರು. ಮಿಕ್ಕವರಿಗೆ ಬೇಟೆನಾಯಿಗಳ ಊರು. ಆದರೆ ಆ ಸಂಸ್ಥಾನವನ್ನು ಆಳಿದ ಅರಸರ ಹೆಸರಿನಲ್ಲಿ ಇರುವುದು ನಾಯಿಯಲ್ಲ, ಉಡ. ಘೋರ್ಪಡೆ ಎಂಬ ಅಡ್ಡಹೆಸರು ಮರಾಠಿಯ ಘೋರ್ಪಡ್, ಎಂದರೆ ಉಡ, ಎಂಬ ಮಾತಿನಿಂದ ಬಂದದ್ದು. ಆ ಮನೆತನದವರು ಹೇಳಿಕೊಂಡು ಬಂದ ಕಥೆಯಂತೆ, 15ನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನು ಖೇಳಣಾ ಕೋಟೆಯನ್ನು, ಅಂದರೆ ಇಂದಿನ ವಿಶಾಳಗಡವನ್ನು, ಮುತ್ತಿದಾಗ ಇವರ ಪೂರ್ವಿಕರು ಉಡದ ನಡುವಿಗೆ ಹಗ್ಗ ಕಟ್ಟಿ ಗೋಡೆಗೇರಿಸಿ, ಅದು ಬಂಡೆಯ ಬಿರುಕಿನಲ್ಲಿ ಪಟ್ಟು ಹಿಡಿದ ಮೇಲೆ ಆ ಹಗ್ಗದಿಂದ ಕೋಟೆ ಹತ್ತಿದರು. ಆ ಸಾಹಸಕ್ಕೆ ಮೆಚ್ಚಿ ಸುಲ್ತಾನನು ಈ ಬಿರುದನ್ನೂ ಮುಧೋಳದ ಜಹಗೀರನ್ನೂ ಕೊಟ್ಟನು. ಮುಂದೆ ಇದೇ ಮನೆತನ ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿ ಹೆಸರಾಯಿತು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿಯುವಲ್ಲಿ ಕೈಗೂಡಿಸಿದವನು ಮುಧೋಳದ ಬಾಜಿ ಘೋರ್ಪಡೆ.

ಕಥೆಯನ್ನು ನಂಬಬೇಕೆ? ಉಡದ ಪಟ್ಟು ಎಂಬ ಮಾತು ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಉಗುರೂರಿ ಮೈಯುಬ್ಬಿಸಿ ಬಿರುಕಿನೊಳಗೆ ಕೂತ ಉಡವನ್ನು ಎಳೆದು ತೆಗೆಯುವುದು ಆಳಿನ ಕೈಲೂ ಆಗದ ಕೆಲಸ. ಆದರೆ ಬೆಳೆದ ಉಡದ ತೂಕ ಐದಾರು ಕಿಲೋ ಮೀರುವುದು ಅಪರೂಪ. ಅದರ ನಡುವಿಗೆ ಕಟ್ಟಿದ ಹಗ್ಗದ ಮೇಲೆ ಕತ್ತಿ ಗುರಾಣಿ ಹೊತ್ತ ಸೈನಿಕ ಹತ್ತಿದನೆಂಬುದು ಕವಿಸಮಯಕ್ಕೆ ಹೆಚ್ಚು ಹತ್ತಿರ. ಮೇಲಾಗಿ 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನು ಏರಿದಾಗಲೂ ಇದೇ ಉಡ, ಇದೇ ಹಗ್ಗ ಬರುತ್ತವೆ. ಒಳ್ಳೆಯ ಕಥೆ ಒಂದು ಕೋಟೆಯಿಂದ ಇನ್ನೊಂದಕ್ಕೆ ತಾನೇ ಹತ್ತಿಹೋಗುತ್ತದೆ. ಆದರೂ ಬಿರುದು ಬಿರುದೇ. ಒಂದು ಸರೀಸೃಪದ ಹೆಸರನ್ನು ನಾಚದೆ ಹೊತ್ತು ನಡೆದ ರಾಜಮನೆತನ ನಮ್ಮ ನೆರೆಯಲ್ಲಿತ್ತೆಂಬುದು ನನಗೆ ಸಂತೋಷದ ವಿಷಯ. ಅದೇ ಮುಧೋಳದ ರನ್ನನು ಅದಕ್ಕೂ ಐದು ಶತಮಾನಗಳ ಹಿಂದೆ ತನ್ನ ದುರ್ಯೋಧನನನ್ನು ಉರಗಪತಾಕನೆಂದು ಕರೆದನಲ್ಲವೆ! ಹಾವನ್ನು ಬಾವುಟದ ಮೇಲೆ ಇಟ್ಟುಕೊಳ್ಳುವುದು ಅತ್ಯಂತ ಸುರಕ್ಷಿತವಾದ ಸಾಕಣೆ.

ಇನ್ನು ಶಬ್ದಕ್ಕೆ ಬರುತ್ತೇನೆ. ಗರುಡನು ಸರ್ಪಗಳ ಶತ್ರು. ಅವನ ಹೆಸರಿನಿಂದ ವಿಷವಿದ್ಯೆಗೆ ಗಾರುಡವೆಂಬ ಹೆಸರಾಯಿತು, ಅದನ್ನು ಬಲ್ಲವನು ಗಾರುಡಿಗನಾದನು. ಸುಮಾರು 1360ರಲ್ಲಿ ಒಂದನೆಯ ಮಂಗರಾಜನು ವಿಷವೈದ್ಯವನ್ನು ಕುರಿತು ಕನ್ನಡ ಪದ್ಯಗಳಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದು ಅದಕ್ಕೆ ‘ಖಗೇಂದ್ರಮಣಿದರ್ಪಣ’ ಎಂದು ಹೆಸರಿಟ್ಟನು. ಖಗೇಂದ್ರನೆಂದರೂ ಗರುಡನೇ. ಪಂಡಿತನ ಕೈಯಲ್ಲಿ ಹೀಗೆ ಶಾಸ್ತ್ರವಾದ ವಿದ್ಯೆ ಬೀದಿಗಿಳಿದಾಗ ಹಾವಾಡಿಗನ ಬುಟ್ಟಿ ಮತ್ತು ಪುಂಗಿ ಆಯಿತು. ಗಾರುಡಿಯೆಂದರೆ ಕಣ್ಕಟ್ಟು ಎಂಬ ಅರ್ಥವೂ ಬಂದಿತು. ಮತ್ತೆ ನಮ್ಮ ಕಾಲದಲ್ಲಿ ಅದೇ ಮಾತು ಮೇಲಕ್ಕೇರಿತು. ವಿಜಯಪುರಕ್ಕೆ ಉತ್ತರದಲ್ಲಿರುವ ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಪಾಠ ಹೇಳಿದ ದ. ರಾ. ಬೇಂದ್ರೆಯವರನ್ನು ಕನ್ನಡಿಗರು ಶಬ್ದಗಾರುಡಿಗನೆಂದು ಕರೆದರು. ಕವಿಗೆ ಕೊಡಬಹುದಾದ ದೊಡ್ಡ ಹೊಗಳಿಕೆಯನ್ನು ನಾವು ಹಾವಾಡಿಗನ ಕಸುಬಿನಿಂದ ಎರವಲು ತಂದೆವು. ಕಸುಬಿನವನಿಗೆ ಏನು ಕೊಟ್ಟೆವು ಎಂಬ ಪ್ರಶ್ನೆ ನನಗೆ ಹೊಳೆದದ್ದು ಬಹಳ ತಡವಾಗಿ, ಅದೂ ಒಂದು ತರಗತಿಯಲ್ಲಿ.

ಬಸವಣ್ಣನವರು ನಮ್ಮ ಜಿಲ್ಲೆಯ ಬಾಗೇವಾಡಿಯವರು. ಕಲ್ಲನಾಗರಕ್ಕೂ ದಿಟದ ನಾಗರಕ್ಕೂ ನಾವು ಮಾಡುವ ಭೇದವನ್ನು ಅವರು ಹಂಗಿಸಿದ ವಚನ ಎಲ್ಲರಿಗೂ ಗೊತ್ತು. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ವಚನವುಂಟು. ಅದರಲ್ಲಿ ಹಾವಾಡಿಗನೊಬ್ಬ, ಮೂಗು ಕೊರೆದ ತನ್ನ ಹೆಂಡತಿಯೊಡನೆ, ಕೈಯಲ್ಲಿ ಹಾವು ಹಿಡಿದುಕೊಂಡು ಮಗನ ಮದುವೆಗೆ ಶಕುನ ನೋಡಲು ಹೊರಟಿದ್ದಾನೆ. ಎದುರಿಗೆ ತನ್ನಂಥದೇ ಇನ್ನೊಂದು ಜೋಡಿ ಬರುತ್ತದೆ. ಕೂಡಲೇ ಅವನು, ಅಯ್ಯೋ ಶಕುನ ಕೆಟ್ಟಿತು ಎನ್ನುತ್ತಾನೆ. ತನ್ನ ಮೈಮೇಲಿನದನ್ನು ಕಾಣದೆ ಎದುರಿನವನ ಮೈ ನೋಡುವ ಜಾಣನ ಚಿತ್ರ ಅದು. 1988ರಲ್ಲಿ ನಾನು ಅದನ್ನು ಪಾಠ ಮಾಡುತ್ತ, ಹಾವಾಡಿಗನ ನಡೆಯನ್ನು ಅಭಿನಯಿಸಿ ತೋರಿಸಿದೆ. ತರಗತಿ ನಕ್ಕಿತು, ನಾನೂ ನಕ್ಕೆ. ಪಾಠ ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗನೊಬ್ಬ ಬಾಗಿಲ ಬಳಿ ನಿಂತು, “ಸರ, ನಮ್ಮ ಮುತ್ಯಾ ಹಾವಾಡಿಸ್ತಾನ್ರಿ,” ಎಂದ. ಅಷ್ಟೇ ಎಂದ. ದೂರಿನ ದನಿಯಿರಲಿಲ್ಲ. ವಚನದ ಜಾಣ ಯಾರೆಂಬುದು ನನಗೆ ಆ ಕ್ಷಣಕ್ಕೆ ತಿಳಿಯಿತು.

ಆ ರವಿವಾರ ಅವನ ಜೊತೆಗೆ ತಿಕೋಟಾದ ಕಡೆ ಹೋದೆ. ಊರ ಹೊರಗಿನ ಗುಡಿಸಲು. ಮುದುಕನಿಗೆ ಎಪ್ಪತ್ತರ ಮೇಲಿರಬಹುದು. ಮೇಷ್ಟ್ರು ಬಂದರೆಂದು ಕಂಬಳಿ ಹಾಸಿದ. ಬಿದಿರಿನ ಚಪ್ಪಟೆ ಬುಟ್ಟಿಗಳು ಎರಡಿದ್ದವು. ಒಂದರಲ್ಲಿ ನಾಗರ, ಒಂದು ಬರಿದು. ನಾನು ಪುಸ್ತಕದಲ್ಲಿ ಓದಿದ್ದನ್ನು ಕೇಳಿದೆ. ಹಾವು ಪುಂಗಿಯ ರಾಗಕ್ಕೆ ತಲೆದೂಗುವುದೇ? ಮುದುಕ ನಕ್ಕು ಪುಂಗಿಯನ್ನು ಊದದೆ ಬರಿದೇ ಅಲ್ಲಾಡಿಸಿದ. ಹಾವು ಹೆಡೆಯೆತ್ತಿ ಅದರ ಹಿಂದೆಯೇ ವಾಲಿತು. ಹೊರಕಿವಿಯಿಲ್ಲದ ಆ ಜೀವಿ ಕಣ್ಣಿಗೆ ಕಂಡ ಚಲನೆಯನ್ನು ಹಿಂಬಾಲಿಸುತ್ತದೆ. ರಾಗವೆಲ್ಲ ನೋಡುವವರಿಗಾಗಿ. ಹಾಲು ಕುಡಿಯುವುದೇ? ಪಂಚಮಿಗೆ ಮುಂಚೆ ಹಲವು ದಿನ ನೀರು ಕೊಡದೆ ಇಟ್ಟರೆ ಯಾವುದನ್ನಾದರೂ ಕುಡಿಯುತ್ತದೆ ಎಂದ.

ಎಷ್ಟು ದಿನ ಸಾಕುತ್ತೀರಿ ಎಂದು ಕೇಳಿದೆ.

“ಎರಡ ತಿಂಗಳ್ರಿ. ಬಹಳಾದ್ರ ಮೂರ. ಹಲ್ಲ ತಗದ ಮ್ಯಾಲ ಇಲಿ ನುಂಗೂದು ಆಗೂದಿಲ್ರಿ ಅದಕ್ಕ. ಆಮ್ಯಾಲ ಒಯ್ದು ಡೋಣಿ ದಂಡಿಗಿ ಬಿಡ್ತೀವಿ.”

ಬಿಟ್ಟದ್ದು ಬದುಕುತ್ತದೆಯೇ?

ಮುದುಕ ಸ್ವಲ್ಪ ಹೊತ್ತು ಬುಟ್ಟಿಯ ಮುಚ್ಚಳ ಕಟ್ಟುತ್ತ ಕೂತ. “ಹಿಂದಿರುಗಿ ನೋಡಿಲ್ರಿ,” ಎಂದ.

ನಾಗರಹಾವಿನ ವಿಷದ ಹಲ್ಲು ಮುರಿದರೆ ಮತ್ತೆ ಹುಟ್ಟುತ್ತದೆ; ಹಾವಾಡಿಗ ಮತ್ತೆ ಮುರಿಯುತ್ತಾನೆ. ಬಾಯಿ ಕೀವುಗಟ್ಟುತ್ತದೆ. ಬೇಟೆಯನ್ನು ಕೊಲ್ಲುವುದಕ್ಕೂ ಅರಗಿಸುವುದಕ್ಕೂ ಬೇಕಾದ ವಿಷವಿಲ್ಲದೆ ಅದು ನಿಧಾನವಾಗಿ ಸಾಯುತ್ತದೆ. ಸಂತೆಯಲ್ಲಿ ವಿನೋದವೆಂದು ನಾವು ನಾಲ್ಕಾಣೆ ಎಸೆದು ನೋಡಿದ್ದು ಇದನ್ನೇ. ಇದನ್ನು ನಿಲ್ಲಿಸಿದ ಕಾನೂನು ನ್ಯಾಯವಾದದ್ದು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಂದು ಆ ಗುಡಿಸಲಿನಲ್ಲಿ ಇನ್ನೊಂದನ್ನೂ ಕಂಡೆ. ಕಲ್ಲುಗೂಡಿನಲ್ಲಿ ಯಾವ ಹಾವಿದೆ, ಜೋಳದ ಕಣಿಕೆಯ ಬಣವೆಯಲ್ಲಿ ಯಾವುದಿರುತ್ತದೆ, ಯಾವುದರ ಪರೆ ಹೇಗಿರುತ್ತದೆ, ಮಳೆಗೆ ಮುಂಚೆ ಯಾವುದು ಯಾವ ಬಿಲದಿಂದ ಹೊರಡುತ್ತದೆ ಎಂಬುದನ್ನೆಲ್ಲ ಆ ಮುದುಕ ತಡೆಯದೆ ಹೇಳುತ್ತ ಹೋದ. ನನ್ನ ಚೀಲದಲ್ಲಿದ್ದ ನೋಟುಪುಸ್ತಕದಲ್ಲಿ ಹಾವುಗಳ ಹೆಸರುಗಳನ್ನು ಬರೆದುಕೊಳ್ಳತೊಡಗಿದೆ. ಹನ್ನೊಂದು ಹೆಸರುಗಳಾದವು. ಹೊತ್ತಾಯಿತು, ಕೊನೆಯ ಬಸ್ಸು ಹಿಡಿಯಬೇಕಾಗಿತ್ತು. ಉಳಿದದ್ದನ್ನು ಸೂಟಿಯಲ್ಲಿ ಬಂದು ಬರೆದುಕೊಳ್ಳುವೆನೆಂದು ಹೇಳಿ ಎದ್ದೆ.

ತಿಕೋಟಾದ ಪಶ್ಚಿಮಕ್ಕೆ ಜತ್ತ ತಾಲೂಕು. ಅಲ್ಲಿಂದ ಸಾಂಗ್ಲಿ ಜಿಲ್ಲೆ ಆರಂಭವಾಗುತ್ತದೆ. ಗಡಿಯೀಚೆಯ ಕನ್ನಡ ಅಲ್ಲಿಯೂ ಮನೆಮಾತು. ಅದೇ ಜಿಲ್ಲೆಯ ಪಡುವಣ ಅಂಚಿನಲ್ಲಿ ಬತ್ತೀಸ ಶಿರಾಳವೆಂಬ ಊರಿದೆ. ನಾಗರಪಂಚಮಿಗೆ ಮುಂಚೆ ಆ ಊರಿನವರು ಹೊಲಗಳಿಂದ ನಾಗರಹಾವುಗಳನ್ನು ಹಿಡಿದು ತಂದು, ಮಣ್ಣಿನ ಗಡಿಗೆಗಳಲ್ಲಿಟ್ಟು, ಮನೆಯ ಅತಿಥಿಗಳಂತೆ ಪೂಜಿಸಿ, ಹಬ್ಬದ ದಿನ ಬಂಡಿಗಳಲ್ಲಿ ಮೆರೆಸಿ, ಬಳಿಕ ಹಿಡಿದಲ್ಲಿಯೇ ಬಿಟ್ಟುಬರುತ್ತಿದ್ದರು. ಹಲ್ಲು ಮುರಿಯುವುದಿಲ್ಲವೆಂಬುದು ಅವರ ಅಭಿಮಾನದ ಮಾತು. ಮುಂಬಯಿ ಉಚ್ಚ ನ್ಯಾಯಾಲಯದ ಆದೇಶಗಳಿಂದ ಈ ಶತಮಾನದಲ್ಲಿ ಆ ಮೆರವಣಿಗೆ ನಿಂತಿತು. ಊರಿನವರು ಸುಮ್ಮನಿರಲಿಲ್ಲ, ಕಡೆಗೆ 2025ರ ಪಂಚಮಿಗೆ, ಶಿಕ್ಷಣದ ಉದ್ದೇಶಕ್ಕೆಂದು ಇಪ್ಪತ್ತೊಂದು ನಾಗರಗಳನ್ನು ಹಿಡಿಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬಂದು ಕಲ್ಲನಾಗರಕ್ಕೂ ಮಣ್ಣಿನ ನಾಗಪ್ಪನಿಗೂ ಹಾಲೆರೆದು, ಜೋಕಾಲಿಯಾಡಿ, ಉಂಡಿ ತಿಂದು ಹಬ್ಬ ಮುಗಿಸುತ್ತಾರೆ. ಹಾವಿಗೂ ಅದರಿಂದ ನೆಮ್ಮದಿ.

ಗಡಿಗೆಯ ಮಾತು ಬಂದಾಗ ಇನ್ನೊಂದು ಗಡಿಗೆ ನೆನಪಾಗುತ್ತದೆ. ತಮಿಳುನಾಡಿನ ಇರುಳರು ತಲೆತಲಾಂತರದಿಂದ ಹಾವು ಹಿಡಿಯುವವರು. ಚರ್ಮದ ವ್ಯಾಪಾರಿಗಳಿಗೆ ಹಾವು ಮಾರಿ ಬದುಕುತ್ತಿದ್ದರು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಾಗ ಅವರ ಒಲೆಯೂ ಆರಿತು. ಆಗ ರೋಮುಲಸ್ ವಿಟೇಕರ್ ಮತ್ತು ಅವರ ಜೊತೆಗಾರರ ನೆರವಿನಿಂದ 1978ರಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಅವರು ಹಾವುಗಳನ್ನು ಮೂರು ನಾಲ್ಕು ವಾರ ಮಣ್ಣಿನ ಗಡಿಗೆಯಲ್ಲಿಟ್ಟು, ಕೆಲವು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಯ ಮೇಲೆ ಗುರುತು ಮಾಡಿ ಬಯಲಿಗೆ ಬಿಡುತ್ತಾರೆ. ನಮ್ಮ ದೇಶದ ಹಾವಿನ ವಿಷದ ಔಷಧಕ್ಕೆ ಬೇಕಾದ ವಿಷದ ಬಹುಭಾಗ ಆ ಗಡಿಗೆಗಳಿಂದಲೇ ಬಂದಿದೆ. ಅವರಲ್ಲಿಬ್ಬರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂದು ಬಲ್ಲವರು ಲೆಕ್ಕಹಾಕಿದ್ದಾರೆ. ಸತ್ತವರು ಬಹುಪಾಲು ಹೊಲದಲ್ಲಿ ದುಡಿಯುವವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದಾಯಿತು. ಆದರೆ ತಿಕೋಟಾದ ದ್ರಾಕ್ಷಿ ತೋಟದ ಆಳಿಗೂ ಡೋಣಿಯ ಎರೆಹೊಲದ ರೈತನಿಗೂ ಯಾವ ಹಾವು ಎಲ್ಲಿರುತ್ತದೆಂದು ಹೇಳಬಲ್ಲ ಜನ ನಮ್ಮಲ್ಲಿಯೂ ಇದ್ದರು. ಅವರ ಬುಟ್ಟಿಯನ್ನು ಕಸಿದುಕೊಂಡಾಗ ಕೈಗೆ ಬೇರೆ ಏನನ್ನೂ ಕೊಡಲಿಲ್ಲ.

ಕಪ್ಪೆಯ ಕಥೆ ಚಿಕ್ಕದು. ಮಳೆ ಬಾರದಾಗ ನಮ್ಮ ಓಣಿಯ ಹುಡುಗರು ಗುರ್ಜಿ ಹೊತ್ತು ತಿರುಗುತ್ತಿದ್ದರು, ಬೇರೆ ಕೆಲವು ಕಡೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಮದುವೆಯಾದ ಕಪ್ಪೆಗಳನ್ನು ಯಾರೂ ಮನೆತುಂಬಿಸಿಕೊಂಡಿಲ್ಲ. ನಾನು ಕಂಡ ಸಾಕಿದ ಕಪ್ಪೆಗಳೆಂದರೆ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದ ಸಿಮೆಂಟ್ ತೊಟ್ಟಿಯವು. ಕೊಯ್ಯುವವರೆಗೆ ಮಾತ್ರ ಅವು ಸಾಕುಪ್ರಾಣಿಗಳು. ಮಳೆಗಾಲದಲ್ಲಿ ಅವು ವಟಗುಟ್ಟಿದರೆ ಪಕ್ಕದ ಕೋಣೆಯಲ್ಲಿ ನನ್ನ ಛಂದಸ್ಸಿನ ಪಾಠಕ್ಕೆ ತಾಳ ತಪ್ಪುತ್ತಿತ್ತು.

ಮೊಸಳೆಯನ್ನು ಸಾಕಿದವರುಂಟೇ ಎಂದರೆ, ಕಾಸರಗೋಡಿನ ಕಡೆ ನೋಡಬೇಕು. 1956ರಲ್ಲಿ ಗಡಿಯಾಚೆಗೆ ಉಳಿದುಹೋದ ಆ ಕನ್ನಡ ನೆಲದಲ್ಲಿ, ಕುಂಬಳೆಯ ಬಳಿ ಅನಂತಪುರದ ಕೆರೆಯ ನಡುವೆ ಅನಂತಪದ್ಮನಾಭನ ಗುಡಿಯಿದೆ. ಆ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆಯಿತ್ತು. ಅರ್ಚಕರು ಕರೆದರೆ ಬಂದು ನೈವೇದ್ಯದ ಅನ್ನ ತಿನ್ನುತ್ತಿತ್ತು. ಹಿಂದಿನ ಮೊಸಳೆಯನ್ನು 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಗುಂಡಿಕ್ಕಿ ಕೊಂದನೆಂದೂ ಕೆಲವೇ ದಿನಗಳಲ್ಲಿ ಇದು ಕಾಣಿಸಿಕೊಂಡಿತೆಂದೂ ಜನ ಹೇಳುತ್ತಾರೆ. ಅದು ಬರೀ ಅನ್ನದಿಂದಲೇ ಬದುಕಿತೆಂಬ ಮಾತನ್ನು ಕೆರೆಯ ಮೀನುಗಳು ಒಪ್ಪುತ್ತವೆಯೋ ಇಲ್ಲವೋ. ಯಾರಿಗೂ ಅದು ಕೇಡು ಮಾಡಲಿಲ್ಲವೆಂಬುದನ್ನು ಊರೇ ಸಾರುತ್ತದೆ. 2022ರ ಅಕ್ಟೋಬರ್ 9ರ ರಾತ್ರಿ ಬಬಿಯಾ ಸತ್ತಾಗ, ಹಿರಿಯರೊಬ್ಬರು ತೀರಿಕೊಂಡಂತೆ ಜನ ಬಂದು ನೋಡಿಹೋದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದನ್ನು ಯಾರೂ ತಂದು ಬಿಡಲಿಲ್ಲವಂತೆ. ಬುಟ್ಟಿಯಿಲ್ಲ, ಗಡಿಗೆಯಿಲ್ಲ, ಹಗ್ಗವಿಲ್ಲ. ಕೆರೆ ತೆರೆದೇ ಇತ್ತು, ಹೋಗಬೇಕೆಂದರೆ ಹೋಗಬಹುದಿತ್ತು. ನಮ್ಮ ಜಿಲ್ಲೆಯಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೊಲ್ಹಾರ ತಾಲೂಕಿನ ರೋಣಿಹಾಳದ ರೈತರು ರಾತ್ರಿ ಹೊಲಕ್ಕೆ ಬಂದ ಮೊಸಳೆಯನ್ನು ಹಿಡಿದು ಕಟ್ಟಿ, ನಡುರಾತ್ರಿ ಕರೆಂಟು ಕೊಟ್ಟರೆ ನಮ್ಮ ಗತಿ ಇದು ಎಂದು ವಿದ್ಯುತ್ ಕೇಂದ್ರದ ಮುಂದೆ ತಂದು ಇಳಿಸಿದರು. ಮನವಿಪತ್ರಕ್ಕೆ ಇಂಥ ಲಗತ್ತನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗಿನ ಸಾಕಣೆ ಬೇರೆ ಬಗೆಯದು. ಮಹಾನಗರಗಳ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆಫ್ರಿಕದ ಹೆಬ್ಬಾವು, ಅಮೆರಿಕದ ಇಗ್ವಾನ ಇವೆಯಂತೆ. ಇಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮ ಬಂದಿತು. ನಮ್ಮ ನಾಡಿನ ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆಂದು ಕದ್ದು ಸಾಗಿಸುತ್ತಾರೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿ ನಿಷೇಧಿಸಬೇಕಾಯಿತು. ಬಡಪಾಯಿ ಮಣ್ಣುಮುಕ್ಕ ಹಾವಿಗೆ ಎರಡು ತಲೆಯೆಂದು ಹೇಳಿ ಲಕ್ಷಗಟ್ಟಲೆ ಬೆಲೆ ಕಟ್ಟುವವರು ನಮ್ಮ ಜಿಲ್ಲೆಗಳಲ್ಲಿಯೂ ಇದ್ದಾರೆ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂದಾಗ, ಅಷ್ಟು ಪುಟ ಹುಡುಕಿದ ಹಾರುವ ಓತಿ ಕಡೆಗೆ ಕೈಗೆ ಸಿಗದೆ ತೇಲಿ ಹೋದುದಕ್ಕೆ ನನ್ನ ವಿದ್ಯಾರ್ಥಿಗಳು ಬೇಸರಪಡುತ್ತಿದ್ದರು. ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಅವರನ್ನು ಕೇಳುತ್ತಿದ್ದೆ.

ತಿಕೋಟಾಕ್ಕೆ ಆ ಸೂಟಿಯಲ್ಲಿ ನಾನು ಹೋಗಲಿಲ್ಲ. ಉತ್ತರಪತ್ರಿಕೆಗಳ ಕಟ್ಟು ಬಂದಿತು. ಮರುವರ್ಷ ಮನೆ ಕಟ್ಟಿಸಿದೆ. ನೆವಗಳಿಗೆ ಬರವೇ? ನಾಲ್ಕು ವರ್ಷಗಳ ಮೇಲೆ ಆ ಹುಡುಗ ಬಸ್ ನಿಲ್ದಾಣದಲ್ಲಿ ಸಿಕ್ಕ. ಕಂಡಕ್ಟರನ ಕೆಲಸ ಸಿಕ್ಕಿತ್ತು. ಮುತ್ಯಾ ತೀರಿಕೊಂಡು ವರ್ಷವಾಯಿತೆಂದ. ಕೊನೆಗೆ ಹಾವು ಹಿಡಿಯುವುದನ್ನು ಬಿಟ್ಟು, ಅದೇ ಬುಟ್ಟಿಯಲ್ಲಿ ಮಣ್ಣಿನ ನಾಗಪ್ಪಗಳನ್ನಿಟ್ಟುಕೊಂಡು ಪಂಚಮಿಯಲ್ಲಿ ಮಾರುತ್ತಿದ್ದನಂತೆ. “ನೀವು ಬರ್ತೀರಂತ ಭಾಳ ದಿನ ಕೇಳ್ತಿದ್ದ್ರಿ ಸರ,” ಎಂದ.

ನೋಟುಪುಸ್ತಕ ನನ್ನ ಬಳಿಯಿದೆ. ಹನ್ನೊಂದು ಹೆಸರುಗಳಲ್ಲಿ ಏಳನ್ನು ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ಹುಡುಕಿ ಹಿಡಿದೆ. ನಾಲ್ಕು ಅಲ್ಲಿಲ್ಲ, ಪ್ರಾಣಿಶಾಸ್ತ್ರದ ಗೆಳೆಯರಿಗೂ ಗೊತ್ತಿಲ್ಲ. ಕಂಡಕ್ಟರನಿಗೆ ಓದಿ ತೋರಿಸಿದೆ. ಹೆಸರು ಕೇಳಿದ್ದೇನೆ, ಹಾವು ಯಾವುದೆಂದು ತೋರಿಸಲಾರೆ ಎಂದ.